ಟಿಕ್ ಟಿಕ್ ರೋಗಿ

ನಮ್ಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿದ್ದೇ ತಡ, ಮನೆಯವರೆಲ್ಲ ಡಾಕ್ಟರಾದರು. ಫ್ರಿಜ್ಜಿನಲ್ಲಿಡಿ ಎಂದ ಭಾಮೈದ. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ ತೇವ ಕೂತರೆ ಇದ್ದದ್ದೂ ಹೋಗುತ್ತದಪ್ಪಾ ಎಂದೆ. 'ದೋಸೆಹಿಟ್ಟಿಗೇನೂ ಆಗಲ್ವಲ್ಲ' ಎಂದು ಅತ್ತೆಯವರ ಸಾಕ್ಷಿ ಬೇರೆ!

ಬೆಂಗಳೂರಿನ ಎಸ್.ಪಿ. ರೋಡಿನಲ್ಲೊಬ್ಬ ಅದನ್ನು ಕಿವಿಗೆ ಹಿಡಿದು, 'ಹೆಡ್ ವೀಕು ಸಾರ್' ಎಂದು ರೇಟು ಹೇಳಿದ. ನನಗೆ ಎದೆಯೇ ವೀಕಾಯಿತು. ಕೊನೆಗೆ ಗತಿ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶ. ಮದುವೆಯೂಟದಲ್ಲಿ ಹೋಳಿಗೆ ಮುಗಿಸಿ ಆಮೇಲೆ ಹಾಗಲಕಾಯಿಗೆ ಕೈಹಾಕುವ ನಮ್ಮ ಮಾವನಂತೆ, ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ನಕಲಿಸಿಕೊಂಡು, ಕೆಟ್ಟ ಜಾಗಗಳಿಗೆ ಕಡೆಯಲ್ಲಿ ಮರಳುತ್ತದೆ. ರಾತ್ರಿಯಿಡೀ ಪಕ್ಕದಲ್ಲೇ ಕೂತಿದ್ದೆ, ಹೆರಿಗೆ ಕೋಣೆಯ ಹೊರಗಿನ ಗಂಡನಿಗಿಂತ ಕಡೆಯಾಗಿ. ಮಗಳ ನಾಮಕರಣದ ಫೋಟೋಗಳು ಇನ್ನೂ ಬಂದಿಲ್ಲ. 2011ರ ಕರೆಂಟ್ ಬಿಲ್ಲುಗಳು ಮಾತ್ರ ಒಂದೂ ತಪ್ಪದೆ ಎದ್ದುಬಂದಿವೆ.