ಮಗ್ಗದ ಕುಣಿಯ ಸ್ಟೇಷನ್ ಮಾಸ್ತರು

ಮುಂಡರಗಿಗೆ ರೈಲು ಬಂದಾಗಿದೆ. ಶಿರಹಟ್ಟಿಗೂ ಬಂದಿದೆ, ಲಕ್ಷ್ಮೇಶ್ವರಕ್ಕೂ ಬಂದಿದೆ. ನಂಬದವರು ಭಾನುವಾರ ಸಂಜೆ ಐದರ ಮೇಲೆ ಬೆಟಗೇರಿಗೆ ಬಂದು ‘ರೈಲು ಕಾಕಾನ ಮನಿ ಯಾವುದು?’ ಎಂದು ಕೇಳಬೇಕು. ಓಣಿಯ ಹುಡುಗರು ಮನೆ ತೋರಿಸುವುದಷ್ಟೇ ಅಲ್ಲ, ಗಾಡಿ ಎಷ್ಟು ಲೇಟಾಗಿದೆ ಎಂಬುದನ್ನೂ ಹೇಳುತ್ತಾರೆ.

ಕಾಕಾನ ನಿಜವಾದ ಹೆಸರು ಇಲ್ಲಿ ಬೇಡ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲೋ ತಹಶೀಲ್ದಾರ ಕಚೇರಿಯಲ್ಲೋ ಮೂವತ್ತು ಮೂವತ್ತೈದು ವರ್ಷ ಕುರ್ಚಿ ಸವೆಸಿದವರು. ರೈಲ್ವೆಯಲ್ಲಿ ಮಾತ್ರ ಒಂದು ದಿನವೂ ದುಡಿದವರಲ್ಲ. ದುಡಿದವರಿಗೆ ರಿಟೈರ್ ಆದ ಮೇಲೆ ರೈಲಿನ ಮಾರಿ ನೋಡಲೂ ಬೇಸರ. ದುಡಿಯದವರದೇ ಈ ಹುಚ್ಚು. ದೂರದಲ್ಲಿ ಹಾರ್ನ್ ಕೇಳಿದರೆ ಉಣ್ಣುವ ಕೈ ನಿಲ್ಲಿಸಿ ಗಡಿಯಾರ ನೋಡುತ್ತಾರೆ. ಮದುವೆಯ ಆಮಂತ್ರಣ ಕೊಟ್ಟರೆ ಕಲ್ಯಾಣ ಮಂಟಪದ ವಿಳಾಸ ಬಿಟ್ಟು ಹತ್ತಿರದ ಸ್ಟೇಷನ್ ಯಾವುದೆಂದು ಕೇಳುತ್ತಾರೆ. ‘ಮೀಟರ್‌ಗೇಜ್ ಇದ್ದಾಗ’ ಎಂದು ಮಾತು ತೆಗೆದರೆಂದರೆ ಎದುರಿಗಿದ್ದವರು ಚಹಾ ಮುಗಿಸಿ ಏಳುವುದು ಒಳ್ಳೆಯದು.

ಎದ್ದವರಿಗೆ ಇತಿಹಾಸ ತಪ್ಪುತ್ತದೆ, ಕುಳಿತವರಿಗೆ ಹೀಗೆ ಸಿಗುತ್ತದೆ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ನಮ್ಮ ಸೀಮೆಯ ಜನ ಕಾಳಿಲ್ಲದೆ ಸತ್ತರು. ಮುಂದೆ ಅಂಥ ಬರ ಬಿದ್ದರೆ ಧಾನ್ಯ ಸಾಗಿಸಲು ರೈಲು ಬೇಕೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಗದಗಿಗೆ ಹಳಿ ಬಂತು. ಬರಕ್ಕೆಂದು ಬಂದ ರೈಲು ಹತ್ತಿ ಹೊತ್ತುಕೊಂಡು ಹೋಯಿತು, ಆ ಮಾತು ಬೇರೆ. ಪಡುವಣಕ್ಕೆ ಹುಬ್ಬಳ್ಳಿ, ಮೂಡಣಕ್ಕೆ ಬಳ್ಳಾರಿ, ಬಡಗಣಕ್ಕೆ ವಿಜಯಪುರದ ಮೇಲೆ ಹೊಟಗಿ. ಇಲ್ಲಿಗೆ ಬಂದು ಕಾಕಾ ದನಿ ತಗ್ಗಿಸುತ್ತಾರೆ: ‘ಮೂರು ದಿಕ್ಕಿಗೆ ಹೋತ್ರೀ. ತೆಂಕಣಕ್ಕ ಮಾತ್ರ ಇಲ್ಲ. ಯಾಕ?’

ಯಾಕೆ ಎಂಬುದಕ್ಕೆ ಅವರ ಬಳಿ ಒಂದು ಸಿದ್ಧಾಂತವಿದೆ, ಯಾವ ಪ್ರಾಧ್ಯಾಪಕರೂ ಅದಕ್ಕೆ ಸಹಿ ಹಾಕಿಲ್ಲ. ಬ್ರಿಟಿಷರ ಕಾಲದಲ್ಲಿ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದ್ದು, ಮುಂಡರಗಿ ಬ್ರಿಟಿಷ್ ಸರ್ಕಾರದ ಧಾರವಾಡ ಜಿಲ್ಲೆಯದ್ದು. ಮಗ್ಗುಲು ಮಗ್ಗುಲಿನ ಮೂರು ಊರಿಗೆ ಮೂವರು ಯಜಮಾನರು. ‘ಮೂರು ಮಂದಿ ಅಳಿಯಂದ್ರು ಕೂಡಿ ಮಾವನ ಮನಿ ಛಾವಣಿ ರಿಪೇರಿ ಮಾಡಿಸಿದ್ದು ಎಲ್ಲೆರೆ ಕೇಳೀರೇನು?’ ಸಾಂಗ್ಲಿ ಸಂಸ್ಥಾನಕ್ಕೆ ತನ್ನದೇ ಒಂದು ಪುಟ್ಟ ರೈಲ್ವೆ ಇದ್ದದ್ದು ನಿಜ, ಆದರೆ ಅದು ಓಡಿದ್ದು ಸಾಂಗ್ಲಿಯಿಂದ ಮಿರಜಿಗೆ. ಆ ಅನ್ಯಾಯವನ್ನು ಕಾಕಾ ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಾರೆ.

ಇತಿಹಾಸ ಮಾಡದೆ ಬಿಟ್ಟದ್ದನ್ನು ತಾವು ಮಾಡುವುದೆಂದು ಅವರು ಗೊತ್ತು ಮಾಡಿಕೊಂಡದ್ದು ಪುಣೆಯಲ್ಲಿ. ಅಲ್ಲಿ 1998ರಿಂದ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಮಗಳ ಮನೆಗೆ ಹೋದಾಗ ಮೊಮ್ಮಗಳನ್ನು ಕರೆದುಕೊಂಡು ನೋಡಲು ಹೋದರು. ಮೊಮ್ಮಗಳು ಅರ್ಧ ತಾಸಿಗೆ ಸಾಕೆಂದಳು. ಅಜ್ಜ ಬಾಗಿಲು ಹಾಕುವವರೆಗೆ ಕದಲಲಿಲ್ಲ.

ಈ ಹವ್ಯಾಸದವರಲ್ಲಿ ಎರಡು ಪಂಥ. ಇದ್ದ ರೈಲ್ವೆಯನ್ನು ಬೋಲ್ಟು ನಟ್ಟು ಬಿಡದೆ ನಕಲು ಮಾಡುವವರು ಒಂದು ಕಡೆ. ಎಂದೂ ಇರದ ರೈಲ್ವೆಗೆ ಹೆಸರಿಟ್ಟು, ಮುದ್ರೆ ಕೊರೆಸಿ, ವೇಳಾಪಟ್ಟಿ ಅಚ್ಚು ಹಾಕಿಸುವವರು ಇನ್ನೊಂದು ಕಡೆ. ಎರಡನೆಯವರನ್ನು ಹುಚ್ಚರೆನ್ನುವ ಮೊದಲು ನೆನಪಿಡಿ: ಮಕ್ಕಳೆಲ್ಲ ಬಲ್ಲ ಥಾಮಸ್ ಎಂಜಿನ್ ಓಡುವ ಸೋಡೋರ್ ದ್ವೀಪ ಯಾವ ಸಮುದ್ರದಲ್ಲೂ ಇಲ್ಲ, ಆಡ್ರಿ ಎಂಬ ಪಾದ್ರಿ ಅದನ್ನು ಮನಸ್ಸಿನಲ್ಲೇ ಕಟ್ಟಿದರು. ಅಷ್ಟು ದೂರ ಯಾಕೆ? ಆರ್.ಕೆ. ನಾರಾಯಣರ ಮಾಲ್ಗುಡಿ ಭೂಪಟದಲ್ಲಿಲ್ಲ, ಆದರೂ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನಲ್ಲಿ 2020ರಿಂದ ಮಾಲ್ಗುಡಿ ಮ್ಯೂಸಿಯಂ ಇದೆ. ‘ಇಲ್ಲದ ಊರಿಗೆ ಸ್ಟೇಷನ್ ಕೊಟ್ಟಾರ, ಇರೂ ಊರಿಗೆ ನಾ ಕೊಟ್ಟರ ತಪ್ಪೇನು?’ ಎನ್ನುವ ಕಾಕಾನ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ.

ಜಾಗಕ್ಕೆ ಮಾತ್ರ ಭೂಸ್ವಾಧೀನ ಮಾಡಬೇಕಾಯಿತು. ಬೆಟಗೇರಿಯ ಹಳೆಯ ಮನೆಗಳಂತೆ ಅವರ ಮನೆಯಲ್ಲೂ ಅಪ್ಪನ ಕಾಲದ ಕುಣಿಮಗ್ಗದ ಖೋಲಿ ಇತ್ತು. ಮಗ್ಗ ಎಂದೋ ಹೋಗಿ, ಕುಣಿಯ ಮೇಲೆ ಹಲಗೆ ಮುಚ್ಚಿ, ಅವರ ಹೆಂಡತಿ ಕಾಕೂ ಅಲ್ಲಿ ಸಂಡಿಗೆ ಡಬ್ಬಿ, ಹಪ್ಪಳದ ಮಣೆ, ಮೂರು ತಲೆಮಾರಿನ ತಾಮ್ರದ ಹಂಡೆಗಳನ್ನು ಪೇರಿಸಿದ್ದರು. ನೋಟಿಸು ಜಾರಿಯಾಯಿತು. ಆಕ್ಷೇಪಣೆ ಬಂತು. ಕಡೆಗೆ ಒಂದು ಇಳಕಲ್ ಸೀರೆ ಪರಿಹಾರವೆಂದು ಇತ್ಯರ್ಥವಾಗಿ ಸೀರೆ ಕೈಗೆ ಬಂದ ಮೇಲೆಯೇ ಹಂಡೆಗಳು ಕದಲಿದವು. ಪರಿಹಾರ ಮೊದಲು, ಕಾಮಗಾರಿ ಆಮೇಲೆ. ಈ ವಿಷಯದಲ್ಲಿ ಕಾಕೂ ನಮ್ಮ ಭಾಗದ ರೈತರಿಗಿಂತ ಶಾಣ್ಯಾರು.

ಹಲಗೆ ತೆಗೆದರೆ ಕುಣಿ ಸಿಕ್ಕಿತಲ್ಲ, ಕಾಕಾನ ಪುಣ್ಯ! ಅಪ್ಪ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದ ಆ ಕುಣಿಯಲ್ಲಿ ಮಗ ಕಾಲು ಇಳಿಬಿಟ್ಟು ಕೂತು ಗಾಡಿ ಬಿಡುತ್ತಾರೆ. ಸುತ್ತ ಮೊಣಕಾಲೆತ್ತರದ ಪ್ಲೈವುಡ್ ಮೇಲೆ ಹಳಿ. ಕಣ್ಣಿನ ಮಟ್ಟಕ್ಕೆ ಎಂಜಿನ್ ಬರುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತಂತೆಯೇ ಅನಿಸುತ್ತದೆ, ಬೀಡಿಯ ಹೊಗೆಯೊಂದು ಕಡಿಮೆ.

ಅಳತೆ ಎಂಬತ್ತೇಳಕ್ಕೆ ಒಂದು. ಈ ಲೆಕ್ಕದಲ್ಲಿ ಸುಮಾರು 40 ಕಿಲೋಮೀಟರಿನ ಗದಗ–ಲಕ್ಷ್ಮೇಶ್ವರ ದಾರಿಗೆ 460 ಮೀಟರ್ ಹಳಿ ಬೇಕು. ಓಣಿ ದಾಟಿ, ಅಗಸಿ ದಾಟಿ ಹೋಗಬೇಕಾದೀತು. ಆದ್ದರಿಂದ ಗದಗಿನಿಂದ ಶಿರಹಟ್ಟಿ ಎರಡು ಮಾರು, ಅಲ್ಲಿಂದ ಲಕ್ಷ್ಮೇಶ್ವರ ಒಂದು ಮಾರು. ಗದಗಿನ ಇನ್ನೊಂದು ಬದಿಯಿಂದ ಡಂಬಳದ ಮೇಲೆ ಮುಂಡರಗಿಗೆ ಒಂದು ಕವಲು. ಒಮ್ಮೆ ಹುಬ್ಬಳ್ಳಿಯಿಂದ ಬಂದ ಇಂಥದೇ ಹುಚ್ಚಿನ ಸ್ನೇಹಿತರು ವರ್ನಿಯರ್ ಹಿಡಿದು ಹಳಿ ಅಳೆದರು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ ಬರಬೇಕು. ಕಾಕಾನ ಹಳಿ ಪರದೇಶದ್ದು, ಹದಿನಾರೂವರೆ ಮಾತ್ರ. ಕಾಕಾ ಕುಣಿಯಲ್ಲಿ ಕೂತಲ್ಲಿಂದಲೇ ಹೇಳಿದರು: ‘ಗೇಜ್ ಪರಿವರ್ತನೆ ಕಾಮಗಾರಿ ಪ್ರಗತಿಯಲ್ಲಿದೆ.’

ಎಂಜಿನ್ ಅಮೆರಿಕದಿಂದ ಬಂತು. ಅಲ್ಲಿರುವ ಮಗ ಚಾಕಲೇಟು ತರುವ ಜಾಗದಲ್ಲಿ ಆಲ್ಕೋ ಡೀಸೆಲ್ ಎಂಜಿನ್ನಿನ ಮಾದರಿ ತಂದ. ಇದರಲ್ಲಿ ಒಂದು ನ್ಯಾಯವೂ ಇದೆ, ನಮ್ಮ ಹಳಿಗಳ ಮೇಲೆ ದಶಕಗಟ್ಟಲೆ ದುಡಿದ ಡಬ್ಲ್ಯುಡಿಎಂ-2 ಎಂಜಿನ್ನಿನ ಮೂಲವೂ ಅದೇ ಆಲ್ಕೋ ಕಂಪನಿ. ಜೊತೆಗೆ ಬಂದ ಟ್ರಾನ್ಸ್‌ಫಾರ್ಮರ್ ಮಾತ್ರ 110 ವೋಲ್ಟಿನದು. ಉದ್ಘಾಟನೆಯ ಉತ್ಸಾಹದಲ್ಲಿ ಕಾಕಾ ಅದನ್ನು ನಮ್ಮ 230ಕ್ಕೆ ಚುಚ್ಚಿದರು. ಬಾಗಿಲಲ್ಲಿ ನಿಂತಿದ್ದ ಕಾಕೂ ಮುಗ್ಧವಾಗಿ ಕೇಳಿದರು: ‘ಏನ್ರೀ, ಡೀಸೆಲ್ ಅಂದಿದ್ರಿ, ಉಗಿಬಂಡಿಗತೆ ಹೊಗಿ ಬರಾಕತ್ತೈತಲ್ಲ?’

ಗೂಡ್ಸ್ ಗಾಡಿಯ ವಿಷಯದಲ್ಲಿ ಕಾಕಾ ರಾಜಿ ಇಲ್ಲದ ಮನುಷ್ಯ. ಹತ್ತಿಯ ಅಂಡಿಗೆಗೆ ಔಷಧ ಅಂಗಡಿಯ ಹತ್ತಿಯೇ ಬೇಕು. ಕಲ್ಲುಪುಡಿಯನ್ನು ಅಡುಗೆಮನೆಯ ಸಾಣಿಗೆಯಲ್ಲಿ ಸೋಸಿ ಹಳಿಯ ಜಲ್ಲಿ ಮಾಡಿದರು. ಸಾಣಿಗೆ ಆಮೇಲೆ ಇಲಾಖೆಯ ಆಸ್ತಿಯಾಯಿತು. ಉಳ್ಳಾಗಡ್ಡಿಯ ಪ್ರಶ್ನೆ ದೊಡ್ಡದು. ಗದಗಿನ ಮಾರುಕಟ್ಟೆಗೆ ಹೋಗುವ ಗಾಡಿಯಲ್ಲಿ ಉಳ್ಳಾಗಡ್ಡಿ ಇಲ್ಲದಿದ್ದರೆ ಹೇಗೆ? ಸಾಸಿವೆ ಸುರಿದು ನೋಡಿದರು, ಎಂಬತ್ತೇಳು ಪಟ್ಟು ಹಿಗ್ಗಿಸಿದರೆ ಕುಂಬಳಕಾಯಿಯ ಲೆಕ್ಕಕ್ಕೆ ಹೋಗುತ್ತಿತ್ತು. ಗಸಗಸೆ ಸರಿಹೊಂದಿತು, ಅದೂ ತುಸು ದಪ್ಪವೇ. ಆ ತಿಂಗಳು ಗಸಗಸೆ ಪಾಯಸಕ್ಕೆಂದು ಕಾಕೂ ಡಬ್ಬಿ ತೆಗೆದರೆ ಅದು ಖಾಲಿ. ಸರಕು ಮುಂಡರಗಿ ಯಾರ್ಡಿನಲ್ಲಿ ಇಳಿದಿತ್ತು.

ಮುಂಡರಗಿಯನ್ನೂ ಶಿರಹಟ್ಟಿಯನ್ನೂ ನೇರ ಕೂಡಿಸಬೇಕೆಂಬ ಮಹಾಯೋಜನೆಗೆ ನಡುವೆ ಕಪ್ಪತಗುಡ್ಡ ಅಡ್ಡ ಬಂತು. ಗಣಪತಿ ಹಬ್ಬದ ಮಂಟಪದಲ್ಲಿ ಉಳಿದ ಥರ್ಮಾಕೋಲಿನಿಂದ ಗುಡ್ಡ ಎದ್ದಿತ್ತು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹರಿದು ಕುರುಚಲು ಕಾಡು ಬೆಳೆಸಿದ್ದೂ ಆಗಿತ್ತು. ಚಾಕು ಹಿಡಿದು ಸುರಂಗ ಕೊರೆಯುವಾಗ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ತಡೆದಳು. ‘ಅಜ್ಜಾ, ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ ಐತಿ. ಪರ್ಮಿಷನ್ ತಗೊಂಡೀಯೇನು?’ ಕಾಕಾ ಸಚಿವಾಲಯದಂತೆ ಮುಖ ಮಾಡಿ ಫೈಲು ಪರಿಶೀಲಿಸುವುದಾಗಿ ಹೇಳಿದರು. ಸುರಂಗ ಅರ್ಧಕ್ಕೇ ನಿಂತಿದೆ. ಈಗ ಅದರಲ್ಲಿ ಒಂದು ಹಲ್ಲಿ ಇದೆ, ಮೊಮ್ಮಗಳ ಪ್ರಕಾರ ಅದೇ ಸಂರಕ್ಷಿತ ಪ್ರಭೇದ.

ತಾನೇ ಕಂಪನಿ, ತಾನೇ ಬೋರ್ಡು, ತಾನೇ ಮಂತ್ರಿ ಆದವನಿಗೆ ಯಾರ ಕಾಟವೂ ಇರಬಾರದಿತ್ತು. ಆದರೆ ಹಳಿ ಹಾಕಿದ ಸುದ್ದಿ ಬೀಗರ ಮನೆಗಳಿಗೆ ತಲುಪಿತು. ಮೊದಲ ನಿಯೋಗ ಮುಂಡರಗಿಯದು: ‘ನಮ್ಮೂರಿಗೆ ಬರೇ ಕವಲು ಕೊಟ್ಟೀರಿ, ಮೇನ್ ಲೈನ್ ಲಕ್ಷ್ಮೇಶ್ವರಕ್ಕ ಹಾಕೀರಿ. ಯಾವ ಲೆಕ್ಕರೀ ಇದು?’ ಲಕ್ಷ್ಮೇಶ್ವರದ ಮಾವನವರಿಗೆ ಸ್ಟೇಷನ್ನಿನ ಹಿಂದೆ ಸೋಮೇಶ್ವರನ ಗುಡಿ ಕಾಣುವುದಿಲ್ಲವೆಂಬ ನೋವು. ಶಿರಹಟ್ಟಿಯವರು ಫಕೀರೇಶ್ವರ ಮಠದ ಜಾತ್ರೆಗೆ ವಿಶೇಷ ಗಾಡಿ ಬಿಡಲೇಬೇಕೆಂದು ಪಟ್ಟು ಹಿಡಿದರು. ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡುವವರಿಗೆ ಒಂದು ಹಾಲ್ಟ್ ಬೇಕೆಂದು ಇನ್ನೊಬ್ಬರು ಅರ್ಜಿ ಕೊಟ್ಟರು. ಕಾಕಾ ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ಕೊಟ್ಟು ‘ಸರ್ವೇ ಮಾಡಿಸ್ತೀನಿ’ ಎಂದು ಕಳಿಸಿದರು. ಸರ್ವೇ ಎಂದರೆ ಏನೆಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರುವುದರಿಂದ ಎಲ್ಲರೂ ನಿರಾಶರಾಗಿಯೇ ಎದ್ದರು.

ಗಾಡಿ ಓಡಿಸುವುದನ್ನು ನೋಡದಿದ್ದರೆ ಕಾಕಾನನ್ನು ನೋಡಿದಂತಲ್ಲ. ಅಲ್ಲಿ ಸುತ್ತು ಹೊಡೆಸುವ ಆಟವಿಲ್ಲ. ಒಂದೇ ಹಳಿಯ ಮಾರ್ಗ, ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಇಲ್ಲದೆ ಗಾಡಿ ಕದಲಕೂಡದು. ಹಿಂದೆ ಸ್ಟೇಷನ್ ಮಾಸ್ತರು ಬೆತ್ತದ ಬಳೆಯಲ್ಲಿ ಟೋಕನ್ ಗುಂಡು ಇಟ್ಟು ಡ್ರೈವರನಿಗೆ ಕೊಡುತ್ತಿದ್ದರಲ್ಲ, ಇಲ್ಲಿ ಕಾಕೂನ ಹಸಿರು ಬಳೆಗೆ ಚೀಲ ಕಟ್ಟಿ ಗೋಲಿಗುಂಡು ಹಾಕಿದ್ದಾರೆ. ಓಣಿಯ ಹುಡುಗರು ಸ್ಟೇಷನ್ನಿಗೊಬ್ಬರಂತೆ ಮಾಸ್ತರರು. ಅರಿಷಿಣ ಕುಂಕುಮಕ್ಕೆ ಹೊರಟ ಕಾಕೂ ಬಳೆ ಕೇಳಿದರೆ ಡಂಬಳದ ಮಾಸ್ತರ, ವಯಸ್ಸು ಒಂಬತ್ತು, ‘ಗೂಡ್ಸ್ ಬರೂತನಾ ಕೊಡಾಕ ಬರಂಗಿಲ್ಲರೀ’ ಎಂದು ನಿಯಮ ಹೇಳುತ್ತಾನೆ.

ಗಡಿಯಾರವೂ ಬೇರೆ. ಎರಡು ಮಾರಿನ ದಾರಿಗೆ ನಮ್ಮ ತಾಸುಗಳು ಹೊಂದುವುದಿಲ್ಲವಾದ್ದರಿಂದ ಆರು ಪಟ್ಟು ವೇಗದ ಗಡಿಯಾರ. ಸಂಜೆ ಐದಕ್ಕೆ ಅಲ್ಲಿ ಬೆಳಗಿನ ಆರು. ಎಂಟೂವರೆಗೆ ಕಾಕೂ ರೊಟ್ಟಿ ಬಡಿದು ಮುಗಿಸಿ ‘ಊಟಕ್ಕ ಏಳ್ರಿ’ ಎಂದು ಕೂಗಿದರೆ ಕುಣಿಯೊಳಗಿನಿಂದ ಉತ್ತರ ಬರುತ್ತದೆ: ‘ಈಗಿನ್ನೂ ನಸಿಕಿನ್ಯಾಗ ಮೂರು ಗಂಟೆ. ಈ ಹೊತ್ತಿನ್ಯಾಗ ಯಾರು ಉಣ್ತಾರ?’

ಗದಗ–ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಗೆ ರೈಲು ಬಂದಾಗ ಕಾಕಾ ಓಣಿಗೆಲ್ಲ ಪೇಢೆ ಹಂಚಿದರು. ಹಂಚುವಾಗ ಮುಖ ಮಾತ್ರ ಪಕ್ಕದ ಮನೆಯ ಹುಡುಗ ಪಾಸಾದಾಗಿನಂತಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರದ ಮೇಲೆ ಗದಗ–ಯಲವಿಗಿ ಮಾರ್ಗವಾಗಬೇಕೆಂಬ ಬೇಡಿಕೆಗೆ ಅವರೂ ಸಹಿ ಹಾಕಿದವರೇ. ‘ನಾಳೆ ಅದು ಖರೇನ ಆದರ ನಿಮ್ಮ ರೈಲಿನ ಗತಿ ಏನ್ರೀ ಕಾಕಾ?’ ಎಂದು ಕೇಳಿದರೆ ಸ್ವಲ್ಪ ಹೊತ್ತು ಲಕ್ಷ್ಮೇಶ್ವರದ ಪಾಯಿಂಟು ಸರಿಮಾಡುತ್ತಾ ಸುಮ್ಮನಿರುತ್ತಾರೆ. ಆಮೇಲೆ ಹೇಳುತ್ತಾರೆ: ‘ನನ್ನ ನಕಾಶೆ ಪ್ರಕಾರ ಹಾಕಿದ್ರ ಚಲೋ ಆತು. ಬ್ಯಾರೆ ಹಾಕಿದ್ರ ತಪ್ಪು ಅವರದು.’

ನೋಡಲು ಹೋಗುವವರು ಚಪ್ಪಲಿ ಹೊರಗೆ ಬಿಡಿ, ಆಟಿಗಿ ಎಂಬ ಶಬ್ದ ಬಾಯಿಗೆ ಬರದಂತೆ ನೋಡಿಕೊಳ್ಳಿ, ಆದರೆ ಒಂದಿಷ್ಟು ಗಸಗಸೆ ಒಯ್ಯಿರಿ, ಕಾಕೂ ಹರಸುತ್ತಾರೆ. ನಿಜವಾಗಿಯೇ ಲಕ್ಷ್ಮೇಶ್ವರಕ್ಕೋ ಮುಂಡರಗಿಗೋ ಹೋಗಬೇಕಾದವರು ಮಾತ್ರ ಗದಗ ಸ್ಟೇಷನ್ನಿನಲ್ಲಿ ಇಳಿದು ಬಸ್ ಹಿಡಿಯಬೇಕು.