ದಂಡಿನ ಮನೆತನದ ದಂಡಯಾತ್ರೆ

ನಮ್ಮ ಮನೆತನದ ಹೆಸರು ದಂಡಿನ. ಅರವತ್ತು ವರ್ಷ ಇದನ್ನು ಅರ್ಜಿ, ರಸೀದಿ, ಚೆಕ್ಕುಗಳ ಮೇಲೆ ಗೀಚಿದ್ದೆನೇ ಹೊರತು ಹಿಂದೆ ತಿರುಗಿ ನೋಡಿದವನಲ್ಲ. ಬ್ಯಾಂಕಿನಿಂದ ನಿವೃತ್ತನಾಗಿ ಹೊಸಪೇಟೆಯ ಮನೆಯಲ್ಲಿ ಕೂತ ಮೇಲೆ ಹಿಂದೆ ತಿರುಗಿ ನೋಡುವುದೊಂದೇ ಕೆಲಸ ಉಳಿಯಿತು. ಅದಕ್ಕೂ ಯಾರಾದರೂ ಕುತ್ತಿಗೆ ಹಿಡಿದು ತಿರುಗಿಸಬೇಕಾಯಿತು.

ತಿರುಗಿಸಿದವನು ಮಗ. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಮನೆ ಮಾಡಿದ್ದಾನೆ. ಒಂದು ಭಾನುವಾರ ಫೋನಿನಲ್ಲಿ, "ಅಪ್ಪಾ, ಪಕ್ಕದ ಮನಿ ಅಜ್ಜಿ ತನ್ನ ವಂಶಾನ ಹನ್ನೊಂದು ತಲೆಮಾರು ಹುಡುಕಿ ತೆಗದಾಳ. ಊರ ಚರ್ಚಿನ ಪುಸ್ತಕದಾಗ ಎಲ್ಲಾ ಐತಂತ. ನಮ್ದು ಎಷ್ಟು ಗೊತ್ತೈತಿ?" ಎಂದ. ನಾನು ಬೆರಳು ಮಡಚಿದೆ. ಅಪ್ಪ, ತಾತ. ಮೂರನೆಯ ಬೆರಳು ಅರ್ಧ ಮಡಚಿಕೊಂಡು ನಿಂತಿತು. ಮುತ್ತಾತನ ಹೆಸರು ನೆನಪಾಗಲಿಲ್ಲ. "ನೆಟ್‌ವರ್ಕ್ ಸರಿ ಇಲ್ಲ" ಎಂದು ಫೋನ್ ಇಟ್ಟೆ.

ಆಮೇಲೆ ಓದಿ ತಿಳಿದುಕೊಂಡೆ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಚರ್ಚೂ ಊರವರ ನಾಮಕರಣ, ಮದುವೆ, ಮಣ್ಣು ಮೂರನ್ನೂ ಬರೆದಿಡಬೇಕೆಂದು ಅಪ್ಪಣೆ ಮಾಡಿದ್ದನಂತೆ. ಅದೇ ಹೊತ್ತಿಗೆ ಹಂಪಿಯಲ್ಲಿ ಅಚ್ಯುತರಾಯ ಆಳುತ್ತಿದ್ದ. ಅವನ ಕಾಲದಲ್ಲೂ ಬರೆಯುವುದಕ್ಕೇನೂ ಬರವಿರಲಿಲ್ಲ, ಅದೂ ಕಲ್ಲಿನ ಮೇಲೆ. ಆದರೆ ಯಾವ ದೇವರಿಗೆ ಯಾವ ಊರು ಬಿಟ್ಟರು ಎಂದು ಕೊರೆದರೇ ಹೊರತು, ಯಾವ ಕೇರಿಯಲ್ಲಿ ಯಾರ ಕೂಸು ಅತ್ತಿತು ಎಂದು ಯಾರೂ ಕೊರೆಯಲಿಲ್ಲ.

ಹೋಗಲಿ, ನಮ್ಮ ಹೆಸರೇ ಒಂದು ಶಾಸನವಲ್ಲವೇ ಎನ್ನಿಸಿತು. ದಂಡು ಎಂದರೆ ಸೈನ್ಯ. ಮನೆ ಇರುವುದು ಕೃಷ್ಣದೇವರಾಯ ಕಟ್ಟಿಸಿದ ಊರಿನಲ್ಲಿ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೂಡಿ ಕಳೆದ ತಲೆ ನನ್ನದು. ಎರಡಕ್ಕೆ ಎರಡು ಕೂಡಿಸಲು ಹೊತ್ತು ಹಿಡಿಯಲಿಲ್ಲ. "ನಮ್ಮ ಹಿರಿಯರು ವಿಜಯನಗರದ ದಂಡನಾಯಕರು" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. "ಹೌದೇನ್ರಿ? ಹಂಗಾದ್ರ ದಂಡನಾಯಕರು ಸಿಲಿಂಡರ್ ಬದಲಿ ಮಾಡಿ ಕೊಡ್ರಿ" ಎಂದಳು. ಅವಳ ತವರು ಸಂಡೂರು. ಅಲ್ಲಿ ಘೋರ್ಪಡೆ ರಾಜರ ಸಂಸ್ಥಾನ 1949ರವರೆಗೂ ಇತ್ತು. ಹಾಗಾಗಿ ರಾಜ ಮಹಾರಾಜರ ಮಾತು ಬಂದಾಗಲೆಲ್ಲ, "ನಿಮ್ಮ ರಾಜರು ಕಲ್ಲಿನಾಗಿದ್ರು, ನಮ್ಮ ರಾಜರು ಕಾರಿನಾಗ ಬರ್ತಿದ್ರು" ಎಂದು ನನ್ನ ಬಾಯಿ ಮುಚ್ಚಿಸುವುದು ಅವಳ ರೂಢಿ.

ಸಂಶೋಧನೆ ಅಟ್ಟದಿಂದ ಶುರುವಾಯಿತು. ತಾತನ ಟ್ರಂಕಿನಲ್ಲಿ ಮೂರು ತುಕ್ಕು ಹಿಡಿದ ಬೀಗ, ಬೀಗವಿಲ್ಲದ ಏಳು ಕೀಲಿಕೈ, ಒಂದು ಕಂದಾಯದ ರಸೀದಿ. ರಸೀದಿಯ ಮೂಲೆಯಲ್ಲಿ 'ಫಸಲಿ 1318' ಎಂದಿತ್ತು. ಫಸಲಿ ಎಂದರೆ ಫಸಲು, ಅಂದರೆ 1318ನೇ ಇಸವಿಯ ಬೆಳೆಗೆ ಕಟ್ಟಿದ ಕಂದಾಯ! ಹರಿಹರ ಬುಕ್ಕರು 1336ರಲ್ಲಿ ರಾಜ್ಯ ಕಟ್ಟುವುದಕ್ಕೆ ಹದಿನೆಂಟು ವರ್ಷ ಮೊದಲೇ ನಮ್ಮವರು ಕಂದಾಯ ಕಟ್ಟಿದ್ದರು! ಕಾಗದ ಅಚ್ಚಾಗಿದೆಯಲ್ಲ, ಆಗ ಅಚ್ಚುಕೂಟ ಎಲ್ಲಿತ್ತು ಎಂಬ ಸಣ್ಣ ಪ್ರಶ್ನೆಯನ್ನು ಕೇಳಿಕೊಳ್ಳುವಷ್ಟು ಸಣ್ಣ ಮನಸ್ಸು ಆ ಹೊತ್ತಿನಲ್ಲಿ ನನಗಿರಲಿಲ್ಲ. ಹೋಳಿಗೆ ಮಾಡಿಸಿ ಓಣಿಯವರನ್ನೆಲ್ಲ ಕರೆದೆ.

ಎದುರುಮನೆಯ ನಿವೃತ್ತ ಕಂದಾಯ ನೌಕರರು ಮೂರು ಹೋಳಿಗೆ ಮುಗಿಸಿ, ಕೈ ತೊಳೆದು, ಕನ್ನಡಕ ಹಾಕಿಕೊಂಡು ರಸೀದಿ ನೋಡಿದರು. "ಇದು ಮದರಾಸ್ ಸರ್ಕಾರದ ಲೆಕ್ಕ ರೀ. ಫಸಲಿಗೆ 590 ಕೂಡಿಸಬೇಕು. 1908 ಆತು." ಹೋಳಿಗೆ ಬಡಿಸುವ ಮೊದಲೇ ಕನ್ನಡಕ ಹಾಕಿಕೊಳ್ಳಬಹುದಿತ್ತು. ಹೆಂಡತಿ ತಟ್ಟೆ ಎತ್ತುತ್ತಾ, "ಒಂದ ಕೂಡಿಸೋ ಲೆಕ್ಕಕ್ಕ ಎರಡು ಸೇರು ಬ್ಯಾಳಿ ಹೋತು" ಎಂದಳು.

ಕಾಗದ ಕೈಕೊಟ್ಟರೇನು, ಕಲ್ಲಿದೆಯಲ್ಲ! ಹೆಂಡತಿಯನ್ನೂ ಹೊರಡಿಸಿಕೊಂಡು ಹಂಪಿಗೆ ಹೋದೆ. ಹಜಾರರಾಮ ದೇವಸ್ಥಾನದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ಕುಣಿಯುವ ಹೆಣ್ಣುಮಕ್ಕಳು ಸಾಲುಸಾಲಾಗಿ ಮೆರವಣಿಗೆ ಹೊರಟಿದ್ದಾರೆ. ನಮ್ಮ ಮೂಗು ಸ್ವಲ್ಪ ಬೇರೆ ಥರ; ಮೂಗು ಹಿಡಿದು ಮೂಲಪುರುಷನನ್ನು ಹುಡುಕುವುದು ನನ್ನ ಯೋಜನೆ. ಗತ್ತಿನಿಂದ ಹೊರಟವನೊಬ್ಬನ ಎದುರು ಪಕ್ಕಮುಖ ಮಾಡಿ ನಿಂತು, "ಹೋಲಿಕೆ ನೋಡು" ಎಂದೆ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕುದುರೆಯೊಂದರ ಮಗ್ಗುಲಲ್ಲಿ ಹಗ್ಗ ಹಿಡಿದು ನಡೆಯುತ್ತಿದ್ದ ಕುಳ್ಳನನ್ನು ತೋರಿಸಿದಳು. "ಇಲ್ಲಿ ನೋಡ್ರಿ. ನೀವು ಸಂತಿ ಚೀಲ ಹಿಡಕೊಂಡು ಬರೋದು ಹಿಂಗ." ಅವನ ಮೂಗು ನೋಡಿ ನನಗೇ ಗಾಬರಿಯಾಯಿತು. ಕಲ್ಲಿನ ಸಾಕ್ಷಿಯನ್ನು ಅಲ್ಲಿಗೇ ಕೈಬಿಟ್ಟೆ.

ಉಳಿದದ್ದು ಸರ್ಕಾರಿ ದಾಖಲೆ. ನಮ್ಮ ಮೂಲ ಮನೆ, ಗದ್ದೆ ಎಲ್ಲಾ ಕಂಪ್ಲಿಯಲ್ಲಿ. ಆ ಮನೆ ಇದ್ದಲ್ಲೇ ಇದೆ; ಅದರ ಕೆಳಗಿನ ರಾಜ್ಯ ಮಾತ್ರ ಕದಲುತ್ತಲೇ ಬಂದಿದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಮದರಾಸು. 1953ರ ಅಕ್ಟೋಬರ್ 1ಕ್ಕೆ ಮೈಸೂರು. 1973ರಲ್ಲಿ ಕರ್ನಾಟಕ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯಾಗಿ ಬೇರೆಯಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಹೀಗೆ ನಾನು ಒಂದು ಜಿಲ್ಲೆ, ನನ್ನ ಪೂರ್ವಜರು ಒಂದು ಜಿಲ್ಲೆ, ನನ್ನ ಹೆಂಡತಿ ಪೂರ್ವಜರ ಕಡೆ.

ಯಾವುದೋ ಒಂದು ಕಚೇರಿಯ ಕಿಟಕಿಯಲ್ಲಿ ತಲೆ ತೂರಿಸಿ, "ನಮ್ಮ ವಂಶವೃಕ್ಷ ಬೇಕಾಗಿತ್ತು" ಎಂದೆ. ಒಳಗಿದ್ದವರು ತಲೆ ಎತ್ತದೆ, "ಎಷ್ಟು ಎಕರೆ?" ಎಂದರು. ಜಮೀನಿಗಲ್ಲ, ಸುಮ್ಮನೆ ತಿಳಿದುಕೊಳ್ಳೋಕೆ ಎಂದೆ. ಆಗ ತಲೆ ಎತ್ತಿದರು. ನಮ್ಮ ಕಡೆ ವಂಶವೃಕ್ಷ ಬೇಕಾಗುವುದು ಯಾರಾದರೂ ಸತ್ತಾಗ, ಇಲ್ಲವೇ ಆಸ್ತಿ ಪಾಲಾಗುವಾಗ. ಎಲ್ಲರೂ ಬದುಕಿದ್ದು ಯಾರೂ ಜಗಳವಾಡದೆ ಇರುವಾಗ ವಂಶವೃಕ್ಷ ಕೇಳಲು ಬಂದ ಮೊದಲನೆಯವನು ನಾನೇ ಇರಬೇಕು.

ಸುದ್ದಿ ನನಗಿಂತ ಮೊದಲು ಕಂಪ್ಲಿ ಮುಟ್ಟಿತು. ಮರುದಿನ ಬೆಳಿಗ್ಗೆ ನಾಲ್ಕು ಮಂದಿ ದಾಯಾದಿಗಳು, ಅವರ ಹಿಂದೆ ಕರಿಕೋಟಿನ ಒಬ್ಬ ವಕೀಲರು ಮನೆಗೆ ಬಂದರು. ಹೆಂಡತಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ನಮ್ಮ ಕಡೆ ಮಿರ್ಚಿ ಆರಲು ಬಿಟ್ಟರೆಂದರೆ ವಿಷಯ ಗಂಭೀರ.

"ಅಣ್ಣಾ, ಗದ್ದಿ ಪಾಲು ಕೇಳಾಕತ್ತೀಯಂತ?"

"ಇಲ್ಲಪ್ಪಾ, ನಾನು ನಮ್ಮ ಇತಿಹಾಸ ಹುಡುಕಾಕತ್ತೀನಿ."

ಅವರು ಪರಸ್ಪರ ಮುಖ ನೋಡಿಕೊಂಡರು. ಹಿರಿಯವನು ದನಿ ತಗ್ಗಿಸಿ ವಕೀಲರನ್ನು ಕೇಳಿದ: "ಇತಿಹಾಸ ಯಾವ ಸರ್ವೆ ನಂಬರಿನಾಗ ಬರ್ತೈತ್ರಿ?"

ಕೊನೆಗೆ, ನನ್ನ ಸಂಶೋಧನೆಗೂ ಕಂಪ್ಲಿಯ ಗದ್ದೆಗೂ ಯಾವ ಸಂಬಂಧವೂ ಇಲ್ಲವೆಂದು ಛಾಪಾ ಕಾಗದದ ಮೇಲೆ ಬರೆದುಕೊಟ್ಟೆ. ಅಷ್ಟು ದಿನದ ಓಡಾಟದಲ್ಲಿ ಕೈಗೆ ಬಂದ ಏಕೈಕ ಅಧಿಕೃತ ದಾಖಲೆ ಅದೇ. ಅದನ್ನೂ ಅವರೇ ಒಯ್ದರು. ಹೋಗುವಾಗ ಮಿರ್ಚಿಯನ್ನೂ ಖಾಲಿ ಮಾಡಿದರು. ಮೆಟ್ಟಿಲಿಳಿಯುತ್ತಾ ಹಿರಿಯವನು, "ಇಷ್ಟಕ್ಕ ಕಚೇರಿಗ್ಯಾಕ ಹೋದಿ? ಸುಗ್ಗಿ ಮುಗದಮ್ಯಾಲ ಹೆಳವ ಬರ್ತಾನ. ಅವನ್ನ ಕೇಳು" ಎಂದ.

ಹೆಳವರು! ಮನೆಮನೆಗೆ ಬಂದು ವಂಶಾವಳಿ ಹೇಳುವುದೇ ಕುಲಕಸುಬಾದವರು. ಅವರ ಮೂಲಪುರುಷ ಕಾಲಿಲ್ಲದ ಹೆಳವ, ಎತ್ತಿನ ಮೇಲೆ ಕೂತು ಊರೂರು ತಿರುಗಿದ ಎಂದು ಕಥೆ. ಚಿಕ್ಕಂದಿನಲ್ಲಿ ಎತ್ತಿನ ಗಂಟೆ ಕೇಳಿ ಅಂಗಳಕ್ಕೆ ಓಡಿದ್ದು ನೆನಪಿತ್ತು. ಇಂಗ್ಲೆಂಡಿನ ಅಜ್ಜಿ ತನ್ನ ಚರ್ಚಿಗೆ ತಾನೇ ನಡೆದುಹೋಗಬೇಕು. ನಮ್ಮ ಚರ್ಚು ಎತ್ತಿನ ಮೇಲೆ ಕೂತು ನಮ್ಮ ಮನೆಬಾಗಿಲಿಗೇ ಬರುತ್ತಿತ್ತು. ನಾನು ಮಾತ್ರ ಬಾಗಿಲು ಬಿಟ್ಟು ಅಟ್ಟ ಹತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಇಬ್ಬರೂ ಕಂಪ್ಲಿಗೆ ಹೋದೆವು. ಹೆಳವ ಎತ್ತಿನ ಬದಲು ಮೋಟಾರ್ ಸೈಕಲ್ ಮೇಲೆ ಬಂದ. ಪ್ಲಾಸ್ಟಿಕ್ ಹಾಳೆ ಬಿಚ್ಚಿ ದಪ್ಪ ಪುಸ್ತಕ ತೆಗೆದ. ಆದರೆ ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ರಾಗ ಹಿಡಿದು, ನನ್ನ ಅಪ್ಪನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಮುತ್ತಾತ ಸಿಕ್ಕ. ಅವನ ಅಪ್ಪ ಸಿಕ್ಕ. ನನ್ನ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಾ ಒಂದು ಕೈ ಮುಗಿದು ಇನ್ನೊಂದಕ್ಕೆ ಹೋದವು. ಏಳನೆಯವನ ಹತ್ತಿರ ರಾಗ ಏರಿತು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"...ಬಳ್ಳಾರಿ ದಂಡಿನಾಗ ಬಿಳೇ ಸಾಹೇಬರ ಕುದುರಿಗೆ ಹುಲ್ಲಿನ ಹೊರಿ ಹೊತ್ತಾಂವ, ದಂಡಿನ ಹುಲ್ಲಪ್ಪ ಅನಿಸಿಕೊಂಡಾಂವ..."

ದಂಡು ಎಂದರೆ ಸೈನ್ಯವಷ್ಟೇ ಅಲ್ಲ, ಕಂಟೋನ್ಮೆಂಟೂ ಹೌದು ಎಂಬುದನ್ನು ನಾನು ಕೂಡಿಸಲು ಮರೆತಿದ್ದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಕಣ್ಣ ಮುಂದೆ ಹಜಾರರಾಮದ ಆ ಕುಳ್ಳ ಸುಳಿದಾಡುತ್ತಿದ್ದುದು ನನಗೆ ಕಾಣುತ್ತಿತ್ತು.

ರಾಗ ಮುಗಿಸಿ ಹೆಳವ ಕಣ್ಣು ತೆರೆದ. ಈಗ ಪುಸ್ತಕ ಬಿಚ್ಚಿ, ಒಂದು ಸಾಲಿನ ಮೇಲೆ ಬೆರಳಿಟ್ಟ. "ನಿಮ್ಮ ತಾತ ನಮ್ಮ ತಾತಗ ಒಂದು ಕಡಸು ಕೊಡ್ತೀನಿ ಅಂದಿದ್ರು. ಬರೋ ಸುಗ್ಗಿಗೆ ಅಂದಿದ್ರು. ಎಪ್ಪತ್ತು ವರ್ಷ ಆತ್ರಿ."

ನಾನು ಬ್ಯಾಂಕಿನಲ್ಲಿ ಕೊನೆಯ ಒಂಬತ್ತು ವರ್ಷ ಇದ್ದದ್ದು ಸಾಲ ವಸೂಲಿ ವಿಭಾಗದಲ್ಲಿ. "ಬಡ್ಡಿ..." ಎಂದು ತಡವರಿಸಿದೆ.

"ಬಡ್ಡಿ ಬ್ಯಾಡ್ರಿ" ಎಂದ ಹೆಳವ.

"ಅವರು ಬ್ಯಾಡ ಅಂತಾರ" ಎಂದಳು ಹೆಂಡತಿ. "ಲೆಕ್ಕಾ ಹಾಕ್ರಿ. ಎಪ್ಪತ್ತು ವರ್ಷದಾಗ ಆ ಕಡಸಿನ ವಂಶವೃಕ್ಷ ನಿಮ್ದಕ್ಕಿಂತ ದೊಡ್ಡದಾಗ್ತಿತ್ತು."

ಕಡಸಿನ ಬೆಲೆ ನನ್ನ ಮೊಬೈಲಿನಲ್ಲಿದ್ದ ದುಡ್ಡಿಗಿಂತ ಹೆಚ್ಚಿತ್ತು. ಅರ್ಧ ನಾನು ಕಳಿಸಿದೆ, ಅರ್ಧ ಅವಳು ಸೊಂಟದ ಚೀಲದಿಂದ ಎಣಿಸಿಕೊಟ್ಟಳು. ಹೆಳವ ಪುಸ್ತಕದಲ್ಲಿ ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಬರೆದು ಪೆನ್ನು ಮುಚ್ಚಹೊರಟ.

"ನಿಲ್ಲಪ್ಪಾ, ನಂದು?"

"ಹೆಣ್ಣುಮಕ್ಕಳ ಹೆಸರು ಬರಿಯೋ ಪದ್ಧತಿ ಇಲ್ರಿ ತಾಯಿ."

"ಹಂಗಾದ್ರ ಅರ್ಧಾ ಕಡಸು ವಾಪಸ್ ಕೊಡು. ಹಿಂದಿನ ಅರ್ಧ ನಂದು, ಹಾಲು ಕೊಡೋದು."

ಹೆಳವ ಒಂದು ಗಳಿಗೆ ಯೋಚಿಸಿ ಮತ್ತೆ ಪೆನ್ನು ತೆರೆದ. ಅಕ್ಷರ ದೊಡ್ಡದಾಗಿಯೇ ಬಿದ್ದವು, ನನ್ನ ಹೆಸರಿಗಿಂತ.

ಆ ಭಾನುವಾರ ಮಗ ಕೇಳಿದ: "ಎಷ್ಟು ತಲೆಮಾರು ಆತಪ್ಪಾ?"

"ಏಳು. ಮತ್ತ ಒಂದು ಕಡಸು" ಎಂದು ಎಲ್ಲ ಹೇಳಿದೆ. ಅವನು ನಕ್ಕು, "ಅಪ್ಪಾ, ಮುಂದಿನ ಸುಗ್ಗಿಗೆ ನನ್ನ ಮಗಳ ಹೆಸರೂ ಬರೆಸಿಬಿಡ್ರಿ" ಎಂದ.

ಹೆಂಡತಿ ಫೋನ್ ಕಸಿದುಕೊಂಡಳು. "ಬರೆಸೋಣಂತ. ಮುಂದಿನ ಸುಗ್ಗಿಗೆ ಅಂತ ಬಾಯಿಲೆ ಹೇಳಬ್ಯಾಡ, ನಿಮ್ಮ ವಂಶದ ಮಾತು ನನಗ ಗೊತ್ತಾತು. ಮೊದ್ಲು ಕಡಸಿನ ದುಡ್ಡು ಕಳಿಸು."