ಬೋಳು ಟೈರಿನ ಬಿಚ್ಚುಮಾತು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಟಕ ನೋಡಲು ಎರಡು ಜಾಗಗಳಿವೆ. ಒಂದು ರವೀಂದ್ರ ಕಲಾಕ್ಷೇತ್ರ. ಇನ್ನೊಂದು, ಅದೇ ರಸ್ತೆಯುದ್ದಕ್ಕೂ ಇರುವ ಗಾಡಿ ಬಿಡಿಭಾಗದ ಅಂಗಡಿಗಳ ಫುಟ್‌ಪಾತು. ಅಲ್ಲಿ ಟಿಕೆಟ್ ಇಲ್ಲ, ಪರದೆ ಇಲ್ಲ. ಬೆಳಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವವರೆಗೆ ಚೌಕಾಸಿ ಎಂಬ ಏಕಾಂಕದ ಪ್ರಯೋಗ. ಪತ್ರಿಕೆಯ ಪ್ರತಿನಿಧಿ ಅಂಥದ್ದೊಂದು ಅಂಗಡಿಯ ಮುಂದೆ ನಿಂತಾಗ, ಆಗಷ್ಟೇ ಕಳಚಿ ಮೂಲೆಗೆಸೆದಿದ್ದ ಹಿಂದಿನ ಚಕ್ರದ ಟೈರೊಂದು ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಮಾಲೀಕನ ಹೆಸರು ಬರೆಯಬಾರದು. ‘ಆರು ವರ್ಷ ಹೊತ್ತು ತಿರುಗಿದೀನಿ. ಈಗ ಮಾನ ಕಳೆಯೋದು ಬೇಡ.’

ವಯಸ್ಸೆಷ್ಟು ಎಂದು ಪ್ರತಿನಿಧಿ ಕೇಳಿದರು.

‘ಹೆಂಗಸರನ್ನ, ಟೈರನ್ನ ವಯಸ್ಸು ಕೇಳಬಾರದು ಅಂತಾರೆ. ಹೆಂಗಸರ ವಿಷಯ ನನಗೆ ಗೊತ್ತಿಲ್ಲ, ಟೈರನ್ನ ಮಾತ್ರ ಕೇಳಲೇಬೇಕು. ನನ್ನ ಜಾತಕ ಪಕ್ಕೆ ಮೇಲೇ ಇದೆ, ಓದ್ಕೊಳ್ಳಿ’ ಎಂದು ಟೈರು ಪಕ್ಕೆ ತೋರಿಸಿತು. ಧೂಳು ಒರೆಸಿದಾಗ ಒಂದು ಪುಟ್ಟ ಅಂಡಾಕಾರದೊಳಗೆ 2319 ಎಂಬ ನಾಲ್ಕು ಅಂಕಿ ಕಾಣಿಸಿದವು. 2019ನೇ ಇಸವಿಯ 23ನೇ ವಾರ, ಅಂದರೆ ಜೂನ್ ಮೊದಲ ವಾರದ ಜನನ. ‘ಜನ ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡ್ತಾರೆ, ಬ್ರೆಡ್ಡಿನದು ನೋಡ್ತಾರೆ. ಎರಡು ಸಾವಿರ ಕೊಟ್ಟು ತಗೊಳ್ಳೋ ಟೈರಿನದು ಮಾತ್ರ ನೋಡಲ್ಲ.’

ಅದರ ಪಕ್ಕದಲ್ಲೇ ಇದ್ದ 100/90-17 ಎಂಬುದನ್ನೂ ಅದೇ ಬಿಡಿಸಿ ಹೇಳಿತು: ಅಗಲ 100 ಮಿಲಿಮೀಟರ್, ಎತ್ತರ ಆ ಅಗಲದ ಶೇ. 90, ಕೂರುವ ರಿಮ್ಮು 17 ಇಂಚಿನದು. ಮುಂದಿನ 55P ಎಂಬುದರಲ್ಲಿ 55 ಎಂದರೆ ಹೊರಬಲ್ಲ ಭಾರ 218 ಕೆಜಿ, ಪಿ ಎಂದರೆ ಗಂಟೆಗೆ 150 ಕಿಲೋಮೀಟರ್‌ವರೆಗಿನ ವೇಗ. ‘ಭಾರದ ವಿಷಯದಲ್ಲಿ ಮಾಲೀಕರು ನನ್ನನ್ನ ಆಗಾಗ ಪರೀಕ್ಷೆ ಮಾಡಿದ್ದಾರೆ. ಅವರು, ಮನೆಯವರು, ಇಬ್ಬರು ಮಕ್ಕಳು, ಟ್ಯಾಂಕಿನ ಮೇಲೆ ಅಕ್ಕಿ ಮೂಟೆ. ವೇಗದ ವಿಷಯದಲ್ಲಿ ಅನ್ಯಾಯ ಮಾಡಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಲ್ಲಿ 15 ದಾಟಿದ್ದು ನನಗೆ ನೆನಪಿಲ್ಲ.’

ಊರು ಯಾವುದು ಎಂಬ ಪ್ರಶ್ನೆಗೆ ಟೈರಿನ ದನಿ ಸ್ವಲ್ಪ ಮೆತ್ತಗಾಯಿತು. ರಬ್ಬರ್ ಹಾಲಿಗೆ ಊರು ಹೇಳುವುದು ಕಷ್ಟ. ಆದರೂ ತನ್ನಲ್ಲಿ ಸುಳ್ಯದ ಅಂಶ ಇದೆಯೆಂದು ನಂಬಲು ಇಷ್ಟ ಎಂದಿತು. ಎರಡೂ ದೇಶಗಳ ಪ್ರಧಾನಿಗಳಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ 1964ರಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರಿನ ಕಡೆ ಸರ್ಕಾರವೇ ರಬ್ಬರ್ ತೋಟ ಎಬ್ಬಿಸಿತು. ನಸುಕಿನಲ್ಲಿ ಮರ ಗೀರಿ ಹಾಲು ಇಳಿಸುವ ಕೈಗಳು ಇವತ್ತಿಗೂ ಅಲ್ಲಿವೆ. ‘ಹುಟ್ಟಿದಾಗ ನಾನು ಹಾಲಿನಂಗೆ ಬೆಳ್ಳಗಿದ್ದೆ. ಮಸಿ ಕಲಸಿದ್ದಕ್ಕೇ ಗಟ್ಟಿಯಾದದ್ದು’ ಎಂದಿತು. ಟೈರಿನ ಕುಲದಲ್ಲಿ ಯಾರೂ ಹುಟ್ಟಾ ಶ್ರೀಮಂತರಲ್ಲ ಎನ್ನುವುದು ಅದರ ಇನ್ನೊಂದು ಹೆಮ್ಮೆ. ಎಂಆರ್‌ಎಫ್ 1946ರಲ್ಲಿ ಮದರಾಸಿನ ತಿರುವೊತ್ತಿಯೂರಿನಲ್ಲಿ ಶುರುವಾದದ್ದು ಆಟದ ಬಲೂನು ಮಾಡುತ್ತ. ಅದಕ್ಕೂ ಮುಂಚೆ, 1880ರ ದಶಕದಲ್ಲಿ, ಬೆಲ್‌ಫಾಸ್ಟಿನ ದನದ ಡಾಕ್ಟರ್ ಡನ್‌ಲಪ್ ಗಾಳಿ ಟೈರು ಕಟ್ಟಿದ್ದು ಮಗನ ಮೂರು ಚಕ್ರದ ಸೈಕಲ್ಲು ಕುಲುಕುತ್ತದೆಂದು.

ಇಷ್ಟಾದ ಮೇಲೆ ಪ್ರತಿನಿಧಿ ವಿಷಯಕ್ಕೆ ಬಂದರು. ಕಡಿಮೆ ಖರ್ಚಿನಲ್ಲಿ ಟೈರು ಬದಲಾಯಿಸುವುದು ಹೇಗೆ?

‘ಮೊದಲು ಹೇಗೆ ಬದಲಾಯಿಸಬಾರದು ಅನ್ನೋದು ಹೇಳ್ತೀನಿ. ಅದರಲ್ಲಿ ನಮ್ಮ ಮಾಲೀಕರು ಪಂಡಿತರು.’

ಕಥೆ ಹೀಗಿತ್ತು. ಒಂದೂವರೆ ವರ್ಷದ ಹಿಂದೆಯೇ ಗೀರುಗಳೊಳಗಿನ ಪುಟ್ಟ ಉಬ್ಬು ಮೇಲ್ಮೈಗೆ ಸಮ ಬಂದಿತ್ತು. ಸವೆತದ ಗುರುತು ಅದು. ಎಲ್ಲಿದೆಯೆಂದು ತೋರಿಸಲು ಪಕ್ಕೆಯ ಮೇಲೆ ಪುಟ್ಟ ತ್ರಿಕೋನವೂ ಇರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ದ್ವಿಚಕ್ರದ ಟೈರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಪಂಕ್ಚರ್ ಅಂಗಡಿಯ ಹುಡುಗ ಹೇಳಿದ. ಮಾಲೀಕರು ‘ಇನ್ನೊಂದ್ ಸಾವ್ರ ಕಿಲೋಮೀಟ್ರು ಓಡತ್ತೆ ಬಿಡಪ್ಪ’ ಎಂದರು. ಆ ಒಂದು ಸಾವಿರ ಹನುಮಂತನ ಬಾಲದಂತೆ ಬೆಳೆಯಿತು. ಅಷ್ಟರಲ್ಲಿ ಗಾಡಿಗೆ ಹೊಸ ಸೀಟ್ ಕವರ್ ಬಂತು, ಟ್ಯಾಂಕಿಗೆ ಹುಲಿಯ ಸ್ಟಿಕ್ಕರ್ ಬಂತು, ಹಾರ್ನು ಎರಡಾಯಿತು. ಬೋಳು ಟೈರಿಗೆ ಮಾತ್ರ ಪ್ರತಿ ಭಾನುವಾರ ಕಪ್ಪು ಪಾಲಿಶ್. ‘ಸತ್ತವರಿಗೆ ಪೌಡರ್ ಹಚ್ಚಿದ ಹಾಗೆ’ ಎಂದಿತು ಟೈರು.

ಆಮೇಲೆ ಸವೆದ ಟೈರಿಗೆ ಮೊಳೆಗಳ ಸ್ನೇಹ ಹೆಚ್ಚಾಯಿತು. ಒಂದೇ ಮಳೆಗಾಲದಲ್ಲಿ ಏಳು ಪಂಕ್ಚರ್. ಒಮ್ಮೆ ರಾತ್ರಿ ಹತ್ತೂವರೆಗೆ ಗಾಡಿ ಕೈಕೊಟ್ಟಾಗ ಟೆಂಪೋದಲ್ಲಿ ಹೇರಿ ತಂದ ಬಾಡಿಗೆ. ಮತ್ತೊಮ್ಮೆ, ತುಂತುರಿನಲ್ಲಿ ಜೀಬ್ರಾ ಪಟ್ಟಿಯ ಬಿಳಿ ಬಣ್ಣದ ಮೇಲೆ ಬ್ರೇಕು ಹಾಕಿ, ಇಂಡಿಕೇಟರ್, ಕನ್ನಡಿ, ಮೊಣಕಾಲಿನ ಚರ್ಮ ಮೂರೂ ಒಟ್ಟಿಗೆ ಹೋದವು. ಉಳಿತಾಯದ ಈ ಲೆಕ್ಕವನ್ನು ಮಾಲೀಕರು ಎಲ್ಲೂ ಬರೆದಿಡಲಿಲ್ಲ, ಟೈರು ಬರೆದಿಟ್ಟಿದೆ.

ಕೊನೆಗೆ ಅವರು ಬದಲಾಯಿಸಲು ಮನಸ್ಸು ಮಾಡಿದ್ದು 2025ರ ಸೆಪ್ಟೆಂಬರ್ 22ರ ನಂತರ, ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತೆಂದು ಯಾರೋ ಹೇಳಿದ ಮೇಲೆ. 1,500 ರೂಪಾಯಿ ಮೂಲಬೆಲೆಯ ಟೈರಿಗೆ ಮೊದಲು 1,920 ಆಗುತ್ತಿತ್ತು, ಈಗ 1,770. ಉಳಿದದ್ದು 150 ರೂಪಾಯಿ. ‘ಅಂಗಡಿಗೆ ಬಂದವರೇ ಕೇಳಿದ ಮೊದಲನೇ ಮಾತು ಏನು ಗೊತ್ತಾ? ಬಿಲ್ ಇಲ್ದೆ ಎಷ್ಟಾಗತ್ತೆ? ತೆರಿಗೆ ಇಳೀಲಿ ಅಂತ ಕಾದವರು, ತೆರಿಗೇನೇ ಬೇಡ ಅಂದ್ರು. ಬಿಲ್ ಇಲ್ದಿದ್ರೆ ನಾಳೆ ಪಕ್ಕೆ ಊದಿಕೊಂಡಾಗ ಕಂಪನಿಯವರು ಯಾವ ಮುಖ ನೋಡಿ ವಾರಂಟಿ ಕೊಡ್ತಾರೆ?’

ಹಾಗಾದರೆ ಸರಿಯಾಗಿ ಬದಲಾಯಿಸುವವರು ಯಾರೂ ಇಲ್ಲವೇ ಎಂದು ಪ್ರತಿನಿಧಿ ಕೇಳುತ್ತಿದ್ದಂತೆಯೇ ಟೈರು ‘ಶ್, ಅಲ್ಲಿ ನೋಡಿ’ ಎಂದಿತು.

ಊಟ ತಲುಪಿಸುವ ಕಂಪನಿಯ ಟೀ ಶರ್ಟು ತೊಟ್ಟ ಹುಡುಗನೊಬ್ಬ ಸಿಟಿ ಬಸ್ಸಿನಿಂದ ಇಳಿದ. ಕೈಯಲ್ಲಿ ಗೋಣಿಚೀಲ ಸುತ್ತಿದ ಚಕ್ರ. ಗಾಡಿಯನ್ನು ಮನೆಯ ಮುಂದೆ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ ನಟ್ಟು ಬಿಚ್ಚಿ, ಚಕ್ರ ಮಾತ್ರ ಹೊತ್ತು ತಂದಿದ್ದ. ಬಿಚ್ಚುವ, ಜೋಡಿಸುವ ಕೂಲಿ ಅಲ್ಲಿಗೇ ಉಳಿಯಿತು. ಶೋಕಿಗೆ ಒಂದು ಸೈಜು ದಪ್ಪದ್ದು ಹಾಕೋಣವೇ ಎಂದು ಅಂಗಡಿಯವರು ಕೇಳಿದರೆ, ‘ಬೇಡಣ್ಣ, ಮೈಲೇಜ್ ತಿನ್ನತ್ತೆ’ ಎಂದ. ಮೂರು ಟೈರು ಇಳಿಸಿ ಮೂರರ ಪಕ್ಕೆಯನ್ನೂ ಮೊಬೈಲಿನ ಬೆಳಕಿನಲ್ಲಿ ಓದಿದ. ಒಂದು ಹಿಂದಿನ ವರ್ಷದ್ದು. ‘ಇದೇ ಕೊಡಿ. ನೆರಳಲ್ಲೇ ಇಟ್ಟಿದ್ದೀರಲ್ಲ, ಏನಾಗಲ್ಲ. ಆದ್ರೆ ಹಳೇ ಸ್ಟಾಕು, ಇನ್ನೂರು ಬಿಟ್ಕೊಡಿ. ಬಿಲ್ ಹಾಕಿ.’ ಅಂಗಡಿಯವರು ಅವನನ್ನು ಮೇಲಿಂದ ಕೆಳಗೆ ನೋಡಿ, ನೂರೈವತ್ತಕ್ಕೆ ಒಪ್ಪಿದರು.

ಫಿಟ್ಟಿಂಗು ನೋಡುವಂಥದ್ದು. ಕೆಲಸದ ಹುಡುಗ ರಿಮ್ಮನ್ನು ನೆಲಕ್ಕೆ ಮಲಗಿಸಿ, ಹಿಮ್ಮಡಿಯಿಂದ ಅಂಚನ್ನು ಒತ್ತಿ ಒತ್ತಿ ಬಿಡಿಸಿದ. ಸೋಪಿನ ನೀರು ಸವರಿ ಎರಡು ಕಬ್ಬಿಣದ ಲಿವರ್ ತೂರಿಸಿ ಹಳೆಯದನ್ನು ಸುಲಿದ. ಒಳಗಿನ ಟ್ಯೂಬನ್ನೂ ಹೊಸದು ಮಾಡಿಸಿದ ಡೆಲಿವರಿ ಹುಡುಗ. ಹಿಗ್ಗಿದ ಹಳೆ ಟ್ಯೂಬು ಹೊಸ ಟೈರಿನೊಳಗೆ ಮಡಿಕೆ ಬಿದ್ದರೆ ಅಲ್ಲೇ ತೂತು. ಟ್ಯೂಬಿಗೆ ಪೌಡರು, ಪಕ್ಕೆಯ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ, ಹಳದಿ ಚುಕ್ಕೆ ವಾಲ್ವಿನ ನೇರಕ್ಕೆ. ಟೈರಿನ ಹಗುರ ಭಾಗ ಆ ಚುಕ್ಕೆ. ವಾಲ್ವಿನ ತೂಕ ಅದನ್ನು ಸರಿದೂಗಿಸುತ್ತದೆ. ಗಾಳಿ ತುಂಬುತ್ತಿದ್ದಂತೆ ಅಂಚು ರಿಮ್ಮಿಗೆ ಕೂತು ಟಪ್, ಟಪ್ ಎಂದು ಎರಡು ಸದ್ದು. ಅಷ್ಟರಲ್ಲಿ ಡೆಲಿವರಿ ಹುಡುಗ ಬ್ರೇಕ್ ಶೂ ಎಷ್ಟು ಸವೆದಿದೆ, ಬೇರಿಂಗ್ ಸದ್ದು ಮಾಡುತ್ತದೆಯೇ ಎಂದು ಬೆರಳಲ್ಲೇ ತಿರುಗಿಸಿ ನೋಡಿಕೊಂಡ. ಚಕ್ರ ಹೇಗೂ ಹೊರಗಿದೆ, ಇನ್ನೊಮ್ಮೆ ಬಿಚ್ಚುವ ತಾಪತ್ರಯ ಯಾಕೆ?

‘ಮೊದಲ ನೂರು ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಹೋಗು, ಹೊಸದು ಜಾರತ್ತೆ’ ಎಂದ ಕೆಲಸದ ಹುಡುಗ. ‘ಗೊತ್ತಣ್ಣ’ ಎಂದು ಚಕ್ರ ಹೆಗಲಿಗೇರಿಸಿ ಹೊರಟ.

‘ದಿನಾ ನೂರು ಕಿಲೋಮೀಟರ್ ಓಡಿಸೋನು ಅವನು. ಒಂದು ದಿನ ಗಾಡಿ ನಿಂತ್ರೆ ಅವತ್ತಿನ ಸಂಪಾದನೆ ಇಲ್ಲ’ ಎಂದಿತು ಟೈರು. ‘ಅದಕ್ಕೇ ತಡ ಮಾಡಲ್ಲ. ತಿಂಗಳಿಗೆ ಎರಡು ಸಲ ತಣ್ಣಗಿರೋ ಟೈರಿಗೆ ಗಾಳಿ ನೋಡಿಸ್ತಾನೆ. ನಮ್ಮ ಮಾಲೀಕರು ಗಾಳಿ ಬಂಕಲ್ಲಿ ಪುಕ್ಕಟೆ ಅಂತ ಗೊತ್ತಿದ್ದೂ, ಕ್ಯೂ ಇದೆ ಅಂತ ಮುಂದೆ ಹೋಗ್ತಿದ್ರು. ಗಾಳಿ ಕಮ್ಮಿಯಾಗಿ ನನ್ನ ಎರಡೂ ಅಂಚು ಮೊದಲು ಸವೆದದ್ದು ಹಂಗೇ.’

ಮುಂದಿನ ಯೋಜನೆ? 2022ರ ಜುಲೈಯಿಂದ ಹಳೆ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಿಕಾ ಕಂಪನಿಗಳಿಗೇ ಹೊರಿಸುವ ಕೇಂದ್ರದ ನಿಯಮವಿದೆಯಲ್ಲ ಎಂದು ಪ್ರತಿನಿಧಿ ನೆನಪಿಸಿದರು. ಟೈರು ನಕ್ಕಿತು. ಬಿಸಿ ಚಾಕುವಿನಲ್ಲಿ ಹೊಸ ಗೀರು ಕೊರೆದು ‘ಸೆಕೆಂಡ್ ಹ್ಯಾಂಡ್, ಒಳ್ಳೇ ಕಂಡೀಷನ್’ ಎಂದು ಮಾರುವವರ ಕೈಗೆ ಸಿಗದಿದ್ದರೆ ಸಾಕು ಎಂದಿತು. ಕೊರೆದಷ್ಟೂ ಒಳಗಿನ ನೂಲು ಹತ್ತಿರವಾಗುತ್ತದೆ. ಎಲ್ಲೋ ಶೀಟಿನ ಮನೆಯ ಮೇಲೆ ಗಾಳಿಗೆ ಹಾರದಂತೆ ಭಾರವಾಗಿ ಕೂರಬಹುದು. ಅಲ್ಲಿ ನೀರು ನಿಂತು ಡೆಂಗಿ ಸೊಳ್ಳೆಗೆ ಬಾಣಂತಿಕೋಣೆಯಾಗುವ ಭಯವಿದೆ. ಹಳ್ಳಿಯ ಹುಡುಗನೊಬ್ಬ ಕೋಲಿನಿಂದ ಹೊಡೆದುಕೊಂಡು ಓಡಿಸಿದರೆ ಸ್ವರ್ಗ. ‘ಆ ಹುಡುಗರೆಲ್ಲ ಈಗ ಮೊಬೈಲಲ್ಲಿ ಬೈಕ್ ಓಡಿಸ್ತಾರಂತೆ.’

ಅಷ್ಟರಲ್ಲಿ ಅಂಗಡಿಯ ಮುಂದೆ ಆಟೋ ನಿಂತಿತು. ಕೊರಳಲ್ಲಿ ಶಾಲು ಹಾಕಿದ್ದವರೊಬ್ಬರು ಇಳಿದು, ‘ಹಳೇ ಟೈರ್ ಎಷ್ಟಿದೆ? ನಾಳೆ ಬಂದ್’ ಎಂದರು.

‘ಒಂದಕ್ಕೆ ಐವತ್ತು.’

‘ಸುಡೋಕೆ ತಾನೇ ಸ್ವಾಮಿ, ಮೂವತ್ತು ಮಾಡ್ಕೊಳ್ಳಿ’ ಎನ್ನುತ್ತ ಅವರು ಟೈರನ್ನು ಎತ್ತಿದರು. ಬೆಳಕಿಗೆ ಹಿಡಿದರು, ಈ ಪಕ್ಕೆ ಆ ಪಕ್ಕೆ ತಿರುಗಿಸಿದರು, ಹೆಬ್ಬೆರಳಿನಿಂದ ಒತ್ತಿದರು, ರಬ್ಬರು ಇನ್ನೂ ಎಷ್ಟು ಉಳಿದಿದೆಯೆಂದು ಗೀರುಗಳಲ್ಲಿ ಉಗುರು ಆಡಿಸಿ ನೋಡಿದರು.

‘ನೋಡಿದ್ರಾ?’ ಎಂದಿತು ಟೈರು, ಆಟೋ ಹತ್ತುವ ಮುಂಚೆ. ‘ಆರು ವರ್ಷದಲ್ಲಿ ನಮ್ಮ ಮಾಲೀಕರು ನನ್ನನ್ನ ಒಂದು ಸಲವೂ ಹೀಗೆ ನೋಡಿರಲಿಲ್ಲ.’